ತಿರುವಿ ನೋಡದ ಎಲೆ

ಟಿವಿಯಲ್ಲಿ ಬರುವ ಹಳೆಯ ಯುರೋಪಿನ ಪತ್ತೇದಾರಿ ಧಾರಾವಾಹಿಗಳ ಕೊನೆಯ ಹತ್ತು ನಿಮಿಷವನ್ನು ನಾನು ನೋಡುವುದಿಲ್ಲ. ಪತ್ತೇದಾರ ಎಲ್ಲರನ್ನೂ ಒಂದು ದೊಡ್ಡ ಕೋಣೆಗೆ ಕರೆಸಿ, ಒಬ್ಬೊಬ್ಬರ ಮುಖ ನೋಡುತ್ತ ಅಡ್ಡಾಡಲು ಶುರುಮಾಡಿದ ಕೂಡಲೇ ಬಂದ್ ಮಾಡಿಬಿಡುತ್ತೇನೆ. ಮಗಳಿಗೆ ಸಿಟ್ಟು ಬರುತ್ತದೆ.

"ಅಪ್ಪಾ, ಎರಡ ತಾಸ ಕುಂತ ನೋಡಿ, ಕಳ್ಳ ಯಾರಂತ ತಿಳಿಯೋ ಹೊತ್ತಿಗೆ ಬಂದ್ ಮಾಡ್ತೀರಲ್ಲ. ಇದೆಂಥಾ ಚಾಳಿ ನಿಮ್ದು?"

"ಕಳ್ಳ ಯಾರಾದ್ರ ನನಗೇನವ್ವಾ" ಎನ್ನುತ್ತೇನೆ.

ಅದು ಸುಳ್ಳು. ಖರೆ ಉತ್ತರ ಅರವತ್ತು ವರ್ಷಗಳಿಂದ ಬಾಯಿಗೆ ಬಂದಿಲ್ಲ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ನಾನು ಮ್ಯಾಟ್ರಿಕ್ ಪಾಸಾದವನು, ಅಷ್ಟೇ. ಐವತ್ತರ ದಶಕದ ಕೊನೆಗೆ ಸವಣೂರಿನಲ್ಲಿ ಅಷ್ಟು ಓದಿದವನಿಗೆ ಕೆಲಸ ಸಿಗದಿದ್ದರೂ ಮರ್ಯಾದೆ ಸಿಗುತ್ತಿತ್ತು. ಕೆಲಸ ಕೊಟ್ಟವರು ಬಂಕಾಪುರದ ಒಬ್ಬ ಸಾಹೇಬರು. ಅವರದೊಂದು ಟೂರಿಂಗ್ ಟಾಕೀಸ್ ಇತ್ತು. ಮಳೆಗಾಲ ಬಿಟ್ಟರೆ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು, ಸವಣೂರು ಎಂದು ಡೇರೆ ತಿರುಗುತ್ತಲೇ ಇರುತ್ತಿತ್ತು. ಚಿತ್ರದ ಪೆಟ್ಟಿಗೆ ರೈಲಿನಲ್ಲಿ ಯಲವಿಗಿ ಸ್ಟೇಷನ್ನಿಗೆ ಬರುತ್ತಿತ್ತು. ಹಿಂದಿ ಚಿತ್ರ ಸಿಗದ ವಾರ, ಎಲ್ಲೆಲ್ಲೋ ಓಡಿ ಗೀರು ಬಿದ್ದ ಯುರೋಪಿನ ಪತ್ತೇದಾರಿ ಚಿತ್ರ ಬರುತ್ತಿತ್ತು. ಮಾತು ಫ್ರೆಂಚೋ ಇಟಾಲಿಯನ್ನೋ ಯಾರಿಗೆ ಗೊತ್ತು, ಕೆಳಗೆ ಇಂಗ್ಲಿಷ್ ಅಕ್ಷರ. ಪಡದೆಯ ಪಕ್ಕದಲ್ಲಿ ನಿಂತು ಆ ಅಕ್ಷರ ಓದಿ ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಅರ್ಧ ಓದುವಷ್ಟರಲ್ಲಿ ಅಕ್ಷರ ಮಾಯವಾಗುತ್ತಿತ್ತು. ಉಳಿದರ್ಧವನ್ನು ನಾನೇ ಕಟ್ಟುತ್ತಿದ್ದೆ. ಜನ ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು.

ಆ ಚಿತ್ರಗಳ ಬಗ್ಗೆ ಆಗ ಒಂದು ಅಭಿಪ್ರಾಯವಿತ್ತು, ಈಗ ಇನ್ನೊಂದಿದೆ. ಆಗ ಆ ಪತ್ತೇದಾರನ ಜಾಣತನಕ್ಕೆ ಮರುಳಾಗಿದ್ದೆ. ಸುಟ್ಟ ಚುಟ್ಟಾದ ಬೂದಿ ನೋಡಿ, ಬೂಟಿನ ಕೆಸರು ನೋಡಿ ಆಸಾಮಿಯ ಊರು ಹೇಳುತ್ತಿದ್ದ. ಅವನು ಯಾರ ಮನೆಗೆ ಹೋದರೂ ಯಾರೂ ನೀರು ಕೊಡುವುದಿಲ್ಲ, ಕುಂದ್ರು ಎನ್ನುವುದಿಲ್ಲ. ಅವನೂ ಯಾರ ಹಂಗಿಗೂ ಬೀಳದೆ ನಿಜ ಹೇಳಿ ಹೊರಡುತ್ತಾನೆ. ಹಾಗೆ ಬದುಕಬೇಕು ಅನ್ನಿಸುತ್ತಿತ್ತು. ಈಗ ಅನ್ನಿಸುವುದೇ ಬೇರೆ. ಆ ಕಥೆ ಬರೆದವನಿಗೆ ಉತ್ತರ ಮೊದಲೇ ಗೊತ್ತು, ಸಾಕ್ಷಿಯನ್ನು ಆಮೇಲೆ ಹೊಂದಿಸಿದ್ದಾನೆ. ಅಂಥ ಜಾಣತನ ನಂಬಿ ಬದುಕಿಗೆ ಇಳಿದವನು ಮನುಷ್ಯರನ್ನು ಕೊಲ್ಲುತ್ತಾನೆ. ದಣಿದ ಮುಖದ, ತಪ್ಪು ಮಾಡಿ ತಲೆ ತಗ್ಗಿಸುವ ಇನ್ಸ್ಪೆಕ್ಟರ್ ಇರುವ ಚಿತ್ರಗಳೂ ಬರುತ್ತಿದ್ದವು. ಅವು ಒಳ್ಳೆಯ ಚಿತ್ರಗಳು. ಜನಕ್ಕೆ ಹಿಡಿಸುತ್ತಿರಲಿಲ್ಲ. ಅಂಥ ಇನ್ಸ್ಪೆಕ್ಟರನ ಬಾಯಿಗೆ ನಾನು ಜಂಬದ ಮಾತು ಹಾಕಿ ದಾಟಿಸುತ್ತಿದ್ದೆ.

ಒಂದು ಸಲ ಸವಣೂರಿನಲ್ಲಿ ಡೇರೆ ಹಾಕಿದಾಗ ಎಡಗೈಯ ಕೊಲೆಗಾರನ ಚಿತ್ರ ಬಂತು. ಪೊಲೀಸರು ಮೊದಲು ಒಬ್ಬ ಗಡಿಯಾರ ರಿಪೇರಿಯವನನ್ನು ಹಿಡಿಯುತ್ತಾರೆ. ಗಾಯ ಇರುವ ಬದಿ ನೋಡಿ ಕೊಂದವನು ಎಡಗೈಯವನೆಂದು ಪತ್ತೇದಾರ ಹೇಳುತ್ತಾನೆ. ಗಡಿಯಾರದವನನ್ನು ಬಿಡುತ್ತಾರೆ.

ನಮ್ಮ ಡೇರೆಯಲ್ಲಿ ಪಡದೆ ನಡುವೆ ಇರುತ್ತಿತ್ತು. ಗಂಡಸರು ಮುಂದೆ, ಹೆಂಗಸರು ಪಡದೆಯ ಹಿಂದೆ. ಹಿಂದಿನಿಂದಲೂ ಚಿತ್ರ ಕಾಣುತ್ತಿತ್ತು, ಆದರೆ ಎಡ ಬಲವಾಗಿ, ಬಲ ಎಡವಾಗಿ. ಮೊದಲ ದಿನವೇ ಹಿಂದಿನಿಂದ ಒಬ್ಬ ಮುದುಕಿ ಜಗಳ ತೆಗೆದಳು.

"ಏ ಮಾಸ್ತರ, ಅಂವ ಬಲಗೈಲೆ ತಿವದಾನ. ನನ್ನ ಕಣ್ಣೇನ್ ಹೋಗಿಲ್ಲ."

"ಅಜ್ಜೀ, ನೀ ಕುಂತಿದ್ದು ಪಡದೆ ಹಿಂದ. ಹಿಂದಿನಿಂದ ನೋಡಿದ್ರ ಎಲ್ಲಾ ಉಲ್ಟಾ ಕಾಣ್ತೈತಿ. ಮುಂದ ಬಂದು ನೋಡು, ತಿಳೀತೈತಿ."

"ಮುಂದ ನಿಮ್ಮಪ್ಪ ಕುಂತಾನ, ನಾ ಹೆಂಗ ಬರ್ಲಿ?"

ಡೇರೆಯೆಲ್ಲ ನಕ್ಕಿತು. ಆ ವಾರ ಪ್ರತಿದಿನ ನಾನು ಚಿತ್ರಕ್ಕೆ ಮೊದಲೇ ಎಡಬಲದ ಈ ಪಾಠ ಹೇಳುತ್ತಿದ್ದೆ. ಇದನ್ನು ನೆನಪಿಡಿ. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳಲು ನನಗೆ ದಾರಿ ಇಲ್ಲ.

ಆ ಚಿತ್ರಕ್ಕೆ ಮೂರು ದಿನ ಬಂದವನೊಬ್ಬನಿದ್ದ. ಹತ್ತಿಮತ್ತೂರಿನವನು, ಸವಣೂರಿನ ಒಂದು ವೀಳ್ಯದೆಲೆ ತೋಟದಲ್ಲಿ ಎಲೆ ಕೊಯ್ಯುತ್ತಿದ್ದ, ಅವನ ಹೆಂಡತಿ ಅಲ್ಲೇ ಎಲೆ ಜೋಡಿಸುತ್ತಿದ್ದಳು. ಅವನು ಎಡಚ. ಎಡಗೈಯವನು ಕೊಯ್ದ ಎಲೆಯನ್ನು ಶುಭಕ್ಕೆ ಕೊಡಬಾರದೆಂದು ಕೆಲವರು ಗೊಣಗುತ್ತಿದ್ದರು. ಕೊಯ್ಲಿನಲ್ಲಿ ಅವನಷ್ಟು ಚುರುಕಿನವನಿಲ್ಲದ್ದರಿಂದ ಮಾಲಕರು ಇಟ್ಟುಕೊಂಡಿದ್ದರು. ಆಟ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು, ಎಡಗೈಯಿಂದ ನಾಲ್ಕು ಎಲೆ ಚಾಚಿ, ಗಾಬರಿಯಾಗಿ ಬಲಗೈಗೆ ಬದಲಿಸಿ ಕೊಟ್ಟ.

"ಮಾಸ್ತರ, ಮೊದಲ ಹಿಡದ್ರಲ್ರೀ, ಆ ಗಡಿಯಾರದಾಂವ, ಅಂವ ಏನಾದ?"

"ಬಿಟ್ರಲ್ಲ."

"ಬಿಟ್ಟ ಮ್ಯಾಲೆ?"

"ಅದು ಚಿತ್ರದಾಗ ಇಲ್ಲೋ ಮಾರಾಯ."

"ಇರಬೇಕಿತ್ತರಿ" ಎಂದು ಹೊರಟುಹೋದ. ಆ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವಿಮರ್ಶೆ ಅದು.

ಮರುವಾರ ಆ ತೋಟದ ಮಾಲಕರು ನನ್ನನ್ನು ಹುಡುಕಿಕೊಂಡು ಬಂದರು. ತೋಟದಲ್ಲಿ ಎಲೆ ಕಳವಾಗುತ್ತಿತ್ತು. ಆ ಬೆಳಿಗ್ಗೆ ನೀರಿನ ಕಾಲುವೆಯಲ್ಲಿ ಬಾಳೆಲೆ ಮುಚ್ಚಿ ಬಚ್ಚಿಟ್ಟ ಒಂದು ಕಟ್ಟು ಸಿಕ್ಕಿತ್ತು. "ನಿಮ್ಮ ಪತ್ತೇದಾರಿಕಿ ನಮ್ಮ ತೋಟದಾಗೂ ಒಂದೀಟ ನಡೀಲ್ರಿ ಮಾಸ್ತರ" ಎಂದು ನಕ್ಕರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಬಾವಿಯ ಕಟ್ಟೆಯ ಬಳಿ ಎಲ್ಲರನ್ನೂ ಕರೆಸಲು ಹೇಳಿದೆ. ಏಳೆಂಟು ಜನ ಬಂದು ನಿಂತರು. ಚಿತ್ರದಲ್ಲಿ ನೋಡಿದ ಹಾಗೆಯೇ ಬೆನ್ನ ಹಿಂದೆ ಕೈಕಟ್ಟಿ ಅವರ ಮುಂದೆ ಅಡ್ಡಾಡಿದೆ. ಎಲೆ ಕೊಯ್ಯುವವರು ಹೆಬ್ಬೆರಳಿಗೆ ತಗಡಿನ ಉಗುರು ಹಾಕಿಕೊಂಡು ತೊಟ್ಟು ಚಿವುಟುತ್ತಾರೆ. ತೊಟ್ಟಿನ ತುದಿ ಓರೆಯಾಗಿ ತುಂಡಾಗುತ್ತದೆ. ಬಲಗೈಯವನ ಓರೆ ಒಂದು ಕಡೆಗೆ, ಎಡಗೈಯವನ ಓರೆ ಇನ್ನೊಂದು ಕಡೆಗೆ. ಇದು ನನಗೆ ಅಲ್ಲೇ ಹೊಳೆಯಿತು. ಬಲಗೈಯವನೊಬ್ಬನಿಗೆ ಒಂದು ಎಲೆ ಚಿವುಟಲು ಹೇಳಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಕಳವಿನ ಕಟ್ಟಿನ ಮೇಲಿನ ಎಲೆ ತೆಗೆದು ಪಕ್ಕಕ್ಕೆ ಹಿಡಿದೆ. ಎರಡರ ಓರೆ ಎದುರುಬದುರಾಗಿತ್ತು.

"ಕದ್ದಾಂವ ಎಡಗೈಯಾಂವ" ಎಂದೆ.

ಎಲ್ಲರ ಮುಖ ಅವನ ಕಡೆ ತಿರುಗಿತು. ಅವನು ಸಿಟ್ಟಾಗಲಿಲ್ಲ. ನನ್ನ ಕೈಯೊಳಗಿನ ಎಲೆಯನ್ನೇ ನೋಡುತ್ತಿದ್ದ.

"ಮಾಸ್ತರ, ಆ ಎಲಿ ಬೋರಲ ಐತ್ರಿ. ಕಟ್ಟಿನಾಗ ಬೋರಲ ಹಾಕಿರ್ತೇವ್ರಿ. ತಿರುವಿ ನೋಡ್ರಿ."

ನಮ್ಮ ಕಡೆ ಎಲೆ ಜೋಡಿಸುವಾಗ ಬೆನ್ನು ಮೇಲೆ ಮಾಡಿ ಜೋಡಿಸುವ ರೂಢಿ. ಒಂದು ಎಲೆಯನ್ನು ನಾನು ಮುಂದಿನಿಂದ ನೋಡುತ್ತಿದ್ದೆ, ಇನ್ನೊಂದನ್ನು ಹಿಂದಿನಿಂದ. ಆ ಮುದುಕಿಯ ಹಾಗೆ. ಅವನ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ ಅದು ನನಗೆ ತಿಳಿದಿತ್ತು. ಬೆರಳನ್ನು ಸ್ವಲ್ಪ ಹೊರಳಿಸಿದ್ದರೆ ಸಾಕಿತ್ತು. ಆದರೆ ಅಷ್ಟು ಜನ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು.

"ಕಳ್ಳಗ ಮಾತು ಭಾಳ" ಎಂದೆ. ಎಲೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ಯಾರೋ ಹಿಂದಿನಿಂದ, "ಎಡಗೈ ಬುದ್ಧಿ ಎಲ್ಲಿ ಹೋಗ್ತೈತಿ" ಎಂದರು. ಅವನ ಹೆಂಡತಿ ಜೋಡಿಸುತ್ತಿದ್ದ ಎಲೆಗಳನ್ನು ಅಲ್ಲೇ ಬಿಟ್ಟು ಎದ್ದಳು. ಮಾಲಕರು ಇಬ್ಬರಿಗೂ ನಾಳೆಯಿಂದ ಬರಬೇಡಿ ಎಂದರು. ಸಂಜೆಯೊಳಗೆ ಸುದ್ದಿ ಎಲ್ಲ ತೋಟಗಳಿಗೂ ಹೋಗಿತ್ತು. ಎಲೆ ಕೊಯ್ಯುವುದೊಂದೇ ಗೊತ್ತಿದ್ದವನಿಗೆ ಇಡೀ ಸವಣೂರಿನಲ್ಲಿ ಕೆಲಸ ಇಲ್ಲದಾಯಿತು.

ಮನೆಗೆ ಬಂದು ಎಲೆಯನ್ನು ತಿರುವಿ ನೋಡಿದೆ. ಬಲಗೈಯವನ ಓರೆಯೇ ಇತ್ತು.

ಸುಮಾರು ಇಪ್ಪತ್ತು ವರ್ಷದ ಮೇಲೆ ಆ ಮಾಲಕರು ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತರು. ಎಲೆ ಅಡಿಕೆ ಹಾಕಿಕೊಳ್ಳುವಾಗ ತಾವಾಗಿಯೇ ಮಾತು ತೆಗೆದರು. "ಕದ್ದಾಂವ ನಮ್ಮ ಅಳಿಯ ಇದ್ನರಿ. ನನಗ ಆವತ್ತ ಸಂಶೇ ಇತ್ತು. ಎಲಿ ಬೋರಲ ಐತಿ ಅಂತ ನಮಗ ಕಾಣ್ಸೂದಿಲ್ಲೇನು, ಹುಟ್ಟಿದಾಗಿಂದ ಅದನ್ನ ನೋಡೇವಿ. ಆದ್ರ ಓದಿದವ್ರು ನೀವ ಹೇಳಿದ್ರಿ. ಮನಿ ಮಾನ ಉಳೀತು." ಅವರು ಕೃತಜ್ಞತೆಯಿಂದಲೇ ಹೇಳಿದ್ದರು. ನನ್ನ ಬಾಯಲ್ಲಿದ್ದ ಎಲೆಯನ್ನು ಉಗುಳಲಾಗಲಿಲ್ಲ, ನುಂಗಲಾಗಲಿಲ್ಲ. ಪತ್ತೇದಾರನೆಂದು ಮೆರೆದವನು ಅವರಿಗೆ ಒಂದು ಮುಚ್ಚಳವಾಗಿದ್ದೆ. ಅವರ ಪಾಪ ಅವರದು. ಅದರಿಂದ ನನ್ನದು ಒಂದು ಗುಲಗಂಜಿಯೂ ಕಡಿಮೆಯಾಗುವುದಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಓದಿದವರು ಹೇಗೋ ಕ್ಷಮಿಸಬಹುದು. ವಯಸ್ಸು, ಜಂಬ, ಜನರ ಮುಂದೆ ಬಾಯಿ ಕಟ್ಟಿತು, ಎನ್ನಬಹುದು. ಆದರೆ ಜನರಿಲ್ಲದ ಕಡೆಯೂ ಅವನು ನನಗೊಂದು ಅವಕಾಶ ಕೊಟ್ಟಿದ್ದ.

ತೋಟದ ಆ ಬೆಳಗಾಗಿ ಐದನೆಯ ದಿನ. ಚಿತ್ರದ ಪೆಟ್ಟಿಗೆ ತರಲು ಚಕ್ಕಡಿ ಹೂಡಿಕೊಂಡು ಒಬ್ಬನೇ ಯಲವಿಗಿಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಪ್ಲಾಟ್‌ಫಾರ್ಮಿನ ಬೇವಿನ ಗಿಡದ ಕೆಳಗೆ ಗಂಡಹೆಂಡತಿ ಕೂತಿದ್ದರು, ಪಕ್ಕದಲ್ಲಿ ಒಂದು ಗಂಟು, ಒಂದು ಕೊಡ. ಹರಿಹರದ ಕಡೆ ಹೋಗುವ ಗಾಡಿಗೆ ಕಾಯುತ್ತಿದ್ದರು. ಅವಳು ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವನು ಎದ್ದು ಬಂದ.

"ಮಾಸ್ತರ, ಆ ಎಲಿ ಮನಿಗೆ ಒಯ್ದಿದ್ರಲ್ಲ. ತಿರುವಿ ನೋಡಿದ್ರೇನ್ರಿ?"

ಸುತ್ತ ಯಾರೂ ಇರಲಿಲ್ಲ. ಗಾಡಿ ಬರಲು ಇನ್ನೂ ಹೊತ್ತಿತ್ತು. ಚಕ್ಕಡಿಯಲ್ಲಿ ಮೂವರಿಗೂ ಜಾಗವಿತ್ತು. ಸವಣೂರಿಗೆ ಕರೆದುಕೊಂಡು ಹೋಗಿ ಬಾವಿಯ ಕಟ್ಟೆಯ ಮೇಲೆ ನಿಂತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ನೋಡಿದೆ" ಎಂದೆ.

"ಏನಿತ್ರಿ?"

"ಅದ ಇತ್ತು. ಎಡಗೈದ."

ಅವನು ಸ್ವಲ್ಪ ಹೊತ್ತು ತನ್ನ ಎಡಗೈಯನ್ನು ನೋಡಿಕೊಂಡ. ಆ ನೋಟವನ್ನು ಯಾವ ಚಿತ್ರದಲ್ಲೂ ನಾನು ನೋಡಿಲ್ಲ. ಓದಿದವನು ಎರಡು ಸಲ ನೋಡಿ ಹೇಳಿದ ಮೇಲೆ ತನ್ನ ಕೈಯೇ ತನಗೆ ಗೊತ್ತಿಲ್ಲದೆ ಏನಾದರೂ ಮಾಡಿತೇ ಎಂದು ಕೇಳುವ ಹಾಗಿತ್ತು.

"ಆತ್ರಿ" ಎಂದ.

ಅಷ್ಟರಲ್ಲಿ ಸ್ಟೇಷನ್ನಿನವರು ಪೆಟ್ಟಿಗೆ ಹೊರಗೆ ತಂದಿಟ್ಟರು. ಕಬ್ಬಿಣದ ಪೆಟ್ಟಿಗೆ, ಒಬ್ಬನಿಗೆ ಏಳುತ್ತಿರಲಿಲ್ಲ. ನಾನು ಒಂದು ಬದಿ ಹಿಡಿದೆ. ಅವನು ಹೇಳಿಸಿಕೊಳ್ಳದೆ ಇನ್ನೊಂದು ಬದಿಗೆ ಬಂದು, ಎಡಗೈ ಚಾಚಿ, ನನ್ನ ಮುಖ ನೋಡಿ, ಅದನ್ನು ಹಿಂದಕ್ಕೆ ತೆಗೆದುಕೊಂಡು, ಅಭ್ಯಾಸವಿಲ್ಲದ ಬಲಗೈಯಿಂದ ಹಿಡಿದು ಎತ್ತಿದ.