ಬೇಕರಿ ಗಾಜಿನಲ್ಲಿ ಕಂಡ ಟ್ರಾಮ್

ಪೋಲೆಂಡಿನ ವೂಚ್ ನಗರದ ಹಳೆಯ ಗಿರಣಿ ಬೀದಿಗಳಲ್ಲಿ ಜೆನೊನ್ ಕುಬಾಲಾ ಗಾಜು ಕೂರಿಸದ ಮನೆ ಕಡಿಮೆ. ಮೂವತ್ತೊಂದು ವರ್ಷ ಬೇರೆ ಕೆಲಸ ಮಾಡಿದವನಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಮೂರು ತಿಂಗಳು ಸೋಫಾ ಬಿಟ್ಟು ಏಳುವಂತಿರಲಿಲ್ಲ. ಗೋಡೆ ನೋಡುತ್ತಾ ಕೂತ ಅಪ್ಪನನ್ನು ಕಂಡು ಮಗಳು ಕಲಿನಾ ಅವನ ಕೈಗೆ ವಿಡಿಯೊ ಗೇಮ್ ಕೊಟ್ಟಳು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿದ್ದದ್ದು ಅವರಿಬ್ಬರೇ.

ಆಟದ ಹೆಸರು 'ಉಪ್ಪಿನಪೇಟೆ'. ಅದನ್ನು ಮಾಡಿದ್ದು ಅದೇ ಊರಿನ ಕಂಪನಿ. ಬಿಡುಗಡೆಗೆ ಮೊದಲೇ ಆಟವನ್ನು ಆಡಿ ತಪ್ಪು ಹುಡುಕುವುದು ಅಲ್ಲಿ ಕಲಿನಾಳ ಕೆಲಸ. ಕಾಲು ವಾಸಿಯಾಗುವಷ್ಟರಲ್ಲಿ ಜೆನೊನ್ ಅದರಲ್ಲಿ ಅಲ್ಲಿಯವರೆಗೆ ಬಂದಿದ್ದ ಎರಡೂ ಭಾಗ ಮುಗಿಸಿದ್ದ. ಅಭಿಮಾನಿಗಳ ಆನ್‌ಲೈನ್ ವೇದಿಕೆ ಸೇರಿ, 'ಗಾಜಿನವನು' ಎಂಬ ಹೆಸರಿನಲ್ಲಿ ಬರೆಯಲೂ ಶುರುಮಾಡಿದ್ದ. ಅಲ್ಲಿ ಆಗ ಒಂದೇ ಜಗಳ: ಮೂರನೆಯ ಭಾಗಕ್ಕೆ ಕಂಪನಿ ಆಟದ ಚಿತ್ರ ಮೂಡಿಸುವ ತಂತ್ರಾಂಶವನ್ನು, ಅಂದರೆ ತನ್ನ ಹಳೆಯ ಗ್ರಾಫಿಕ್ಸ್ ಎಂಜಿನ್ನನ್ನೇ ಇಟ್ಟುಕೊಳ್ಳುತ್ತದೋ, ಬೆಳಕು ನೆರಳುಗಳನ್ನೆಲ್ಲ ಹೊಸದಾಗಿ ಬಿಡಿಸುವ ಬೇರೆ ಎಂಜಿನ್ ತರುತ್ತದೋ. ಕಂಪನಿ ತುಟಿ ಬಿಚ್ಚುತ್ತಿರಲಿಲ್ಲ. ಜೆನೊನ್ ಒಮ್ಮೆ ಮಗಳನ್ನು ಕೇಳಿದ್ದ. ಗುಟ್ಟು ಬಿಡುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ, ಆ ಮಾತು ಬೇಡ ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ.

ಫೆಬ್ರವರಿಯಲ್ಲಿ ಕಂಪನಿ ಮೂರನೆಯ ಭಾಗದ ಇಪ್ಪತ್ತು ಸೆಕೆಂಡಿನ ತುಣುಕನ್ನು ಬಿಟ್ಟಿತು. ಹೆಂಗಸೊಬ್ಬಳು ಮಳೆ ನಿಂತ ಬೀದಿಯಲ್ಲಿ ನಡೆದು ಹೋಗುತ್ತಾಳೆ, ಅಷ್ಟೇ. ಎಲ್ಲರೂ ಅವಳ ಕೂದಲು ನೋಡಿದರು, ಜೆನೊನ್ ಬೇಕರಿಯ ಕಿಟಕಿ ನೋಡಿದ. ಗಾಜಿನಲ್ಲಿ ಟ್ರಾಮಿನ ದೀಪವೊಂದು ಹತ್ತಿರ ಬರುತ್ತಿತ್ತು. ಪರದೆಯಲ್ಲಿ ಕಾಣುವ ಬೀದಿಯಲ್ಲಿ ಟ್ರಾಮ್ ಇರಲಿಲ್ಲ. ಅಂದರೆ ಅದು ನೋಡುವವನ ಬೆನ್ನ ಹಿಂದೆ ಇದೆ. ಪರದೆಯ ಮೇಲಿದ್ದುದನ್ನೇ ಗಾಜಿನಲ್ಲಿ ಮತ್ತೆ ತೋರಿಸುವುದಷ್ಟೇ ಹಳೆಯ ಎಂಜಿನ್ನಿಗೆ ಗೊತ್ತಿದ್ದದ್ದು. ಜೀವಮಾನವೆಲ್ಲ ಗಾಜಿನೆದುರು ನಿಂತು, ಹಿಂದಿನಿಂದ ಬರುವ ವಾಹನಗಳನ್ನು ಅದರಲ್ಲೇ ನೋಡಿಕೊಂಡು ಸರಿದು ನಿಲ್ಲುತ್ತಿದ್ದವನಿಗೆ ಇದು ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಚಿತ್ರಕ್ಕೆ ಕೆಂಪು ಗುರುತು ಹಾಕಿ, ಇದು ಹೊಸ ಎಂಜಿನ್, ಸಂಶಯವೇ ಇಲ್ಲ ಎಂದು ಬರೆದ.

ಮೊದಲು ನಕ್ಕರು. "ಗಾಜಿನಣ್ಣ, ಕಿಟಕಿಗೆ ಪುಟ್ಟಿ ಮೆತ್ತೋದು ಬಿಟ್ಟು ಇಲ್ಲೇನ್ ಕೆಲ್ಸ ನಿಂಗೆ?" ಎಂದು ಒಬ್ಬ ಬರೆದ. ಮೂರನೆಯ ದಿನಕ್ಕೆ ನಗು ನಿಂತಿತು. ಯಾರೋ ಹೆಸರುವಾಸಿ ಮನುಷ್ಯ ಅದನ್ನೇ ತನ್ನ ವಿಡಿಯೊದಲ್ಲಿ ಹೇಳಿದ, ಲಕ್ಷಗಟ್ಟಲೆ ಜನ ನೋಡಿದರು. ಜೆನೊನ್ ಆ ವಾರ ಕೆಲಸದಲ್ಲಿ ಶಿಳ್ಳೆ ಹಾಕುತ್ತಿದ್ದ. ಐದನೆಯ ದಿನ ಇನ್ನೊಬ್ಬ, ಗಾಜಿನವನು ಹಿಂದೊಮ್ಮೆ ಹಾಕಿದ್ದ ತನ್ನ ಕೆಲಸದ ವ್ಯಾನಿನ ಫೋಟೊದಲ್ಲಿ 'ಕುಬಾಲಾ' ಎಂಬ ಹೆಸರು ಓದಿದ. ಅದೇ ಹೆಸರಿನವಳು ಕಂಪನಿಯಲ್ಲಿದ್ದಾಳೆಂದು ಹುಡುಕಿ ತೆಗೆಯಲು ಅವನಿಗೆ ಕಷ್ಟವಾಗಲಿಲ್ಲ. ಅಪ್ಪ ಕಂಡುಹಿಡಿದದ್ದೇನೂ ಇಲ್ಲ, ಮಗಳು ಹೇಳಿಕೊಟ್ಟಿದ್ದಾಳೆ ಎಂದಾಯಿತು.

ಕಂಪನಿಯವರು ಕಲಿನಾಳನ್ನು ಕರೆಸಿ ಪ್ರಶ್ನೆ ಕೇಳಿದರು. ತಿಂಗಳ ಕೊನೆಗೆ ಮುಗಿಯಬೇಕಿದ್ದ ಒಪ್ಪಂದವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿದರು.

ಜೆನೊನ್ ಸೂಟು ಹಾಕಿಕೊಂಡು ಕಂಪನಿಗೆ ಹೋದ. ಸಿಬ್ಬಂದಿಯ ವಿಷಯ ನೋಡಿಕೊಳ್ಳುವ ಮಲ್ವಿನಾ ಎಂಬ ಹೆಂಗಸು ಅವನನ್ನು ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡಳು. ಅವನು ಅವಳನ್ನು ಕಿಟಕಿಯ ಬಳಿ ನಿಲ್ಲಿಸಿ, ಅವಳ ಹಿಂದಿದ್ದ ಬಾಗಿಲನ್ನು ಗಾಜಿನಲ್ಲಿ ತೋರಿಸಿದ. ತುಣುಕು ಬಿಟ್ಟವರು ನೀವೇ, ನಾನು ನೋಡಿದ್ದು ಅದನ್ನೇ ಎಂದ.

"ಜೆನೊನ್ ಅವ್ರೇ, ನಾನ್ ನಿಮ್ಮನ್ನ ನಂಬ್ತೀನಿ," ಎಂದಳು ಅವಳು. "ಆದ್ರೆ ನಂಬಿದೀನಿ ಅಂತ ಬರ್ಕೊಡೋಕಾಗಲ್ಲ. ಹೊಸ ಎಂಜಿನ್ ಅಂತ ನೀವ್ ಹೇಳಿದ್ದು ಸರಿ ಅಂತ ನಾವೇ ಒಪ್ಪಿದ ಹಾಗಾಗತ್ತೆ."

ಬರಿಗೈಯಲ್ಲಿ ಮನೆಗೆ ಬಂದ. ಕಲಿನಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ನಡೆದದ್ದನ್ನು ಹೇಳಿದಾಗ ತಲೆ ಎತ್ತಲಿಲ್ಲ.

"ನೀನ್ ಕಂಡಿದ್ದು ನಿಜಾನೇ, ಅಪ್ಪ. ಯಾರೂ ಹೇಳ್ದೇ ಕಂಡೆ, ಅದೂ ನಂಗೊತ್ತು. ಬರೆಯೋವಾಗ ಒಂದ್ಸಲನೂ ನನ್ನ ನೆನಪಾಗ್ಲಿಲ್ವಾ?"

ನೆನಪಾಗಿತ್ತು. ಓದಿದರೆ ಇವಳಿಗೆ ಹೆಮ್ಮೆಯಾಗುತ್ತದೆ ಎಂದುಕೊಂಡೇ ಬರೆದಿದ್ದ. ಇನ್ನೊಂದು ಚಾಕು ತೆಗೆದುಕೊಂಡು ಅವಳ ಪಕ್ಕ ಆಲೂಗಡ್ಡೆ ಸುಲಿಯಲು ಕೂತ.

ವೇದಿಕೆಯಿಂದ ತನ್ನ ಬರಹಗಳನ್ನೆಲ್ಲ ಅಳಿಸಿದ. ಅಳಿಸಿದ್ದೇ ಸಾಕ್ಷಿ ಎಂದರು ಅಲ್ಲಿನವರು. ಕಲಿನಾ ಇನ್ನೆರಡು ಗೇಮ್ ಕಂಪನಿಗಳಿಗೆ ಅರ್ಜಿ ಹಾಕಿದಳು. ಅವಳ ಹೆಸರು ಓದಿದ ಕೂಡಲೇ ಅಲ್ಲಿನವರ ದನಿ ಬದಲಾಯಿತಂತೆ. ಬೇಸಿಗೆಗೆ ಟೈಲ್ಸ್ ಕಂಪನಿಯ ದೂರು ವಿಭಾಗದಲ್ಲಿ ಕೆಲಸ ಸಿಕ್ಕಿತು. ಪಕ್ಕದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ಹೋದಳು.

ಮರುವರ್ಷ ಆಟ ಬಂತು. ಹೊಸ ಎಂಜಿನ್ನೇ. ಬಿಡುಗಡೆಯ ದಿನ ಕಂಪನಿಯವರು ಅದೇ ಬೇಕರಿಯ ಕಿಟಕಿಯನ್ನು ತೋರಿಸಿ, ಗಮನವಿಟ್ಟು ನೋಡಿದವರಿಗೆ ಅಂದೇ ತಿಳಿದಿರುತ್ತದೆ ಎಂದು ನಗುತ್ತಾ ಹೇಳಿದರು. ಜೆನೊನ್ ಅದನ್ನು ಊಟದ ಹೊತ್ತಿನಲ್ಲಿ, ವ್ಯಾನಿನಲ್ಲಿ ಕೂತು ನೋಡಿದ. ತಿನ್ನುತ್ತಿದ್ದ ಬ್ರೆಡ್ಡನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ. ಆ ವಿಡಿಯೊವನ್ನು ಮಲ್ವಿನಾಳಿಗೆ ಕಳಿಸಿದ. ಉತ್ತರ ಬರಲಿಲ್ಲ.

ಕಲಿನಾ ಕೆಲವು ಭಾನುವಾರ ಬರುತ್ತಾಳೆ. ಸೂಪು ಕುಡಿಯುತ್ತಾಳೆ, ಅಪ್ಪನ ಕಾಲು ಹೇಗಿದೆ ಎಂದು ಕೇಳುತ್ತಾಳೆ, ಬಟ್ಟೆ ಮಡಿಸಿಟ್ಟು ಹೋಗುತ್ತಾಳೆ. ಕೆಲಸದಲ್ಲಿ ಏನು ನಡೀತಿದೆ ಎಂದು ಅವನು ಕೇಳಿದರೆ, "ಏನಿಲ್ಲ, ಟೈಲ್ಸು," ಎನ್ನುತ್ತಾಳೆ. ಅಲ್ಲಿ ಯಾರೂ ಅವಳಿಂದ ಗುಟ್ಟಿನ ಕಾಗದಕ್ಕೆ ಸಹಿ ಹಾಕಿಸಿಕೊಂಡಿಲ್ಲ.