ಸೊಸೆಯ ಸ್ಪ್ಯಾನರ್, ಅತ್ತೆಯ ಚೌಕಾಸಿ

ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಯಮುನಾ ಎಷ್ಟೋ ವರ್ಷ ಸೀರೆ ಬಿಡಿಸಿ ತೋರಿಸಿದಳು, ಮಡಿಸಿ ಇಟ್ಟಳು. ಆ ಕೆಲಸದಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ. ಆದರೆ ಅವಳ ಹಳೇ ಸ್ಕೂಟರ್ ಮಾತ್ರ ಆಗಾಗ ಕೈಕೊಡುತ್ತಿತ್ತು. ಕೈಕೊಟ್ಟಾಗಲೆಲ್ಲ ಚಾಮರಾಜಪೇಟೆಯಲ್ಲಿ ಮನೆ ಹತ್ತಿರವೇ ಇದ್ದ ಮರಿಯಣ್ಣನವರ ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಳು. ಬೇರೆ ಗಿರಾಕಿಗಳು ಗಾಡಿ ಬಿಟ್ಟು ಟೀ ಕುಡಿಯಲು ಹೋದರೆ, ಇವಳು ಅಲ್ಲೇ ಒಂದು ಸವೆದ ಟೈರಿನ ಮೇಲೆ ಕೂತು ಕಣ್ಣು ಕೀಲಿಸಿಕೊಂಡು ನೋಡುವಳು.

"ಏನಮ್ಮಾ, ನಾನೆಲ್ಲಿ ಪಾರ್ಟ್ ಬದಲಾಯಿಸಿಬಿಡ್ತೀನೋ ಅಂತ ಕಾವಲು ಕೂತಿದೀಯಾ?" ಎಂದು ಮರಿಯಣ್ಣ ಒಮ್ಮೆ ನಗುತ್ತಾ ಕೇಳಿದರು.

"ಅಯ್ಯೋ ಇಲ್ಲ ಅಣ್ಣ. ಅದು ಹೆಂಗೆ ಬಿಚ್ಕೊಳ್ತು ಅಂತ ನೋಡ್ತಿದೀನಿ."

ಮರಿಯಣ್ಣ ಕಾರ್ಬುರೇಟರನ್ನೂ ಒಂದು ಹಳೇ ಬ್ರಷ್ಷನ್ನೂ ಅವಳ ಕೈಗಿಟ್ಟರು. ಶುರುವಾದದ್ದು ಹಾಗೆ. ಸೀರೆ ಅಂಗಡಿಯವರು ಬಾಗಿಲು ಹಾಕಿ ಬೇರೆ ಊರಿಗೆ ಹೋದಾಗ, ಇನ್ನೊಂದು ಅಂಗಡಿ ಹುಡುಕುವ ಬದಲು ಯಮುನಾ ಗ್ಯಾರೇಜಿಗೇ ಸೇರಿಕೊಂಡಳು. ಗಂಡ ನಂದೀಶ್ ಗೂಡ್ಸ್ ಆಟೋ ಓಡಿಸುವವನು. ಅವನೇನೂ ಅಡ್ಡಿ ಮಾಡಲಿಲ್ಲ. ಅತ್ತೆ ಚಿಕ್ಕಮುನಿಯಮ್ಮ ಮೊದಮೊದಲು "ಹೆಣ್ಣೆಂಗಸು ಮಸಿ ಮೆತ್ಕೊಂಡು ಕೂತ್ಕೊಳ್ಳೋದಾ?" ಎಂದು ಗೊಣಗಿದರು. ಆಮೇಲೆ ಮನೆಯ ಗ್ರೈಂಡರಿನ ಬೆಲ್ಟನ್ನು ಸೊಸೆ ಒಂದು ಬೆಳಿಗ್ಗೆ ತಾನೇ ಬದಲಾಯಿಸಿದ್ದು ನೋಡಿ ಸುಮ್ಮನಾದರು.

ಬಸವನಗುಡಿ, ಚಾಮರಾಜಪೇಟೆಯ ಹೆಂಗಸರಿಗೆ ಯಮುನಾ ಹಿಡಿಸಿದಳು. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂದು ಬಿಡಿಸಿ ಹೇಳುವಳು. "ಭಾನುವಾರ ಮನೆಗೇ ಬಂದು ಮಾಡಿಕೊಡ್ತೀಯೇನಮ್ಮಾ?" ಎಂದು ಕೇಳುವವರು ಹೆಚ್ಚಾದರು. ಭಾನುವಾರ ಗ್ಯಾರೇಜಿಗೆ ರಜ. ಹೋಗಲು ಅವಳಿಗೂ ಆಸೆ. ಆದರೆ ಸಾಮಾನು?

ಮರಿಯಣ್ಣ ಒಳ್ಳೆಯವರು. ಕೇಳಿದರೆ ಊಟದ ಡಬ್ಬಿಯಲ್ಲಿ ಅರ್ಧ ಕೊಡುವವರು. ಸ್ಪ್ಯಾನರ್ ಮಾತ್ರ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ನೀನು ಮನೆಗಳಿಗೆ ಹೋಗಿ ಕೆಲಸ ಮಾಡ್ಕೊ, ನನಗೇನೂ ಬೇಜಾರಿಲ್ಲ," ಎಂದರು. "ಆದ್ರೆ ಸಾಮಾನು ನಿಂದೇ ಇರ್ಲಿ ಯಮುನಾ. ನಿನ್ನ ಕೈಗೆ ಹೊಂದೋದು ನೀನೇ ನೋಡ್ಕೊಂಡು ತಗೋ."

ಅಷ್ಟು ಹೊತ್ತಿಗೆ ಅವಳು ತಿಂಗಳು ತಿಂಗಳು ಕಟ್ಟುತ್ತಿದ್ದ ಚೀಟಿಯ ದುಡ್ಡೂ ಬಂದಿತ್ತು. ಮನೆಯ ಖರ್ಚೆಲ್ಲ ಕಳೆದು ಸಾಮಾನಿಗೆಂದು ಐದು ಸಾವಿರ ಎತ್ತಿಟ್ಟಳು. ಏನು ಕೊಳ್ಳಬೇಕೆಂದು ಅವಳ ಮನಸ್ಸು ಯಾವತ್ತೋ ನಿಶ್ಚಯಿಸಿಬಿಟ್ಟಿತ್ತು. ಫೋನಿನಲ್ಲಿ ದಿನಾ ನೋಡುತ್ತಿದ್ದ ಕೆಂಪು ಪೆಟ್ಟಿಗೆ ಅದು. ತೆರೆದರೆ ಒಂದೊಂದು ಗುಳಿಯಲ್ಲೂ ಒಂದೊಂದು ಸಾಮಾನು, ಕನ್ನಡಿ ಹಾಗೆ ಹೊಳೆಯುವುದು, ನೂರಕ್ಕೂ ಮೇಲೆ.

"ಒತ್ತಿಬಿಡು, ನಾಳೆ ಮನೆ ಬಾಗಿಲಿಗೆ ಬರುತ್ತೆ," ಎಂದ ನಂದೀಶ್.

ಚಿಕ್ಕಮುನಿಯಮ್ಮ ಒಪ್ಪಲಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಮನೆ ನಡೆಸಿದವರು ಅವರು. "ಕೈಯಲ್ಲಿ ಹಿಡೀದೆ ಯಾರಾದ್ರೂ ಸಾಮಾನು ತಗೊಳ್ತಾರೇನವ್ವಾ? ನಡಿ, ನಾನೂ ಬತ್ತೀನಿ," ಎಂದರು. ಶನಿವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಸ್ಕೂಟರ್ ಹಿಂದೆ ಹತ್ತಿ ಕೂತರು.

ಅತ್ತೆ ಸೊಸೆ ಎಸ್.ಜೆ.ಪಿ. ರೋಡಿಗೆ ಬಂದರು. ರಸ್ತೆಯ ಉದ್ದಕ್ಕೂ ಕಬ್ಬಿಣದ ಸಾಮಾನಿನ ಅಂಗಡಿಗಳು, ಮೋಟಾರು, ಪೈಪು, ಸರಪಳಿ. ಶ್ರೀಧರ್ ಎಂಬುವರ ಅಂಗಡಿಯ ಮುಂದೆಯೇ ಆ ಕೆಂಪು ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಬೆಲೆಯೂ ಅವಳ ಕೈಗೆಟಕುವಷ್ಟೇ. ಯಮುನಾ ಒಂದೊಂದನ್ನೇ ಮುಟ್ಟಿ ನೋಡಿದಳು. ಎಣ್ಣೆಯ ವಾಸನೆ, ತಣ್ಣಗಿನ ಉಕ್ಕು. ಹೊಸ ಸೀರೆಯ ಮಡಿಕೆ ಬಿಚ್ಚುವಾಗಲೂ ಅವಳಿಗೆ ಇಷ್ಟು ಖುಷಿಯಾದದ್ದಿಲ್ಲ.

"ಇದ್ರಲ್ಲಿ ನೀನು ದಿನಾ ಕೈಗೆ ತಗೊಳ್ಳೋದು ಯಾವ್ದು, ತೋರ್ಸು," ಎಂದರು ಚಿಕ್ಕಮುನಿಯಮ್ಮ.

ಯಮುನಾ ಕೆಲವನ್ನು ತೋರಿಸಿದಳು. ಹತ್ತು-ಹನ್ನೊಂದರ ಸ್ಪ್ಯಾನರ್, ಹನ್ನೆರಡು-ಹದಿಮೂರು, ಹದಿನೇಳು, ಪ್ಲಗ್ ಬಿಚ್ಚುವುದು, ಸ್ಕ್ರೂಡ್ರೈವರ್.

"ಮಿಕ್ಕಿದ್ದು?"

"ಮಿಕ್ಕಿದ್ದು... ಯಾವಾಗ್ಲಾದ್ರೂ ಬೇಕಾಗ್ಬೋದು ಅತ್ತೆ."

"ಕಂತೆ ಕಟ್ಟಿದ ಸೊಪ್ಪಲ್ಲಿ ಒಳಗೆ ಹಳದಿ ಎಲೆ ಸೇರಿಸಿರ್ತಾರೆ ಕಣೆ. ನಂಗೊತ್ತಿಲ್ವಾ? ನಾನೇ ಕಟ್ಟಿದೀನಿ!"

ಶ್ರೀಧರ್ ಜೋರಾಗಿ ನಕ್ಕುಬಿಟ್ಟರು. ಯಮುನಾಗೆ ಮಾತ್ರ ಮುಖ ಸಣ್ಣಗಾಯಿತು. ತಿಂಗಳುಗಟ್ಟಲೆ ಆಸೆಪಟ್ಟ ವಸ್ತುವನ್ನು ಯಾರೋ ಹೀಗಳೆದಂತೆ ಅನಿಸಿ, ಸ್ವಲ್ಪ ಬಿರುಸಾಗಿಯೇ ಹೇಳಿದಳು: "ಅತ್ತೆ, ಸೊಪ್ಪು ಬೇರೆ, ಇದು ಬೇರೆ."

"ಬೇರೇನೇ ಇರ್ಲಿ. ಒಂದು ಬೋಲ್ಟ್ ಬಿಚ್ಚಿ ತೋರ್ಸು. ಆಮೇಲೆ ತಗೋ, ನಾನು ಬಾಯಿ ಬಿಡಲ್ಲ."

ಶ್ರೀಧರ್ ಅಡ್ಡ ಹೇಳಲಿಲ್ಲ. "ನೋಡಿಮ್ಮಾ, ಪರವಾಗಿಲ್ಲ," ಎಂದು ಹನ್ನೆರಡರ ಸ್ಪ್ಯಾನರ್ ತೆಗೆದುಕೊಟ್ಟರು. ಅಂಗಡಿ ಮುಂದೆಯೇ ನಿಲ್ಲಿಸಿದ್ದ ಅವಳ ಸ್ಕೂಟರಿನ ಸೈಲೆನ್ಸರ್ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಯಮುನಾ ಮಂಡಿಯೂರಿ ಸ್ಪ್ಯಾನರ್ ಸಿಕ್ಕಿಸಿ ಒತ್ತಿದಳು. ಅಲುಗಲಿಲ್ಲ. ಇನ್ನೊಂದು ಸಲ ಮೈಭಾರವೆಲ್ಲ ಹಾಕಿ ಒತ್ತಿದಳು. ಸ್ಪ್ಯಾನರ್ ಜಾರಿ, ಬೆರಳ ಗೆಣ್ಣು ತರಚಿಕೊಂಡಿತು. ನೋಡಿದರೆ ಸ್ಪ್ಯಾನರಿನ ಬಾಯಿಯೇ ಅಗಲವಾಗಿತ್ತು. ಬೋಲ್ಟಿನ ಮೂಲೆಯೂ ಸ್ವಲ್ಪ ಸವೆದಿತ್ತು.

ಚಿಕ್ಕಮುನಿಯಮ್ಮ ಮಾತು ಕೊಟ್ಟಂತೆ ಬಾಯಿ ಬಿಡಲಿಲ್ಲ. ಸೆರಗಿನ ತುದಿಯಿಂದ ಸೊಸೆಯ ಗೆಣ್ಣು ಒರೆಸಿದರು, ಅಷ್ಟೆ.

"ಮನೇಲಿ ಕುರ್ಚಿ ಟೈಟ್ ಮಾಡ್ಕೊಳ್ಳೋರಿಗೆ ಅದು ಚೆನ್ನಾಗಿದೆ," ಎಂದರು ಶ್ರೀಧರ್. "ನೀವು ಸ್ಪ್ಯಾನರ್ ಹಿಡಿದ ರೀತಿ ನೋಡಿದ್ರೇ ಗೊತ್ತಾಯ್ತು. ಗ್ಯಾರೇಜ್ ಕೆಲಸ ಅಂತ ಮೊದಲೇ ಹೇಳ್ಬಾರದಿತ್ತಾ? ಬನ್ನಿ, ಬಿಡಿ ಸಾಮಾನು ತೋರಿಸ್ತೀನಿ."

ಒಳಗಿನ ಕಪಾಟಿನಿಂದ ಅವರು ತೆಗೆದಿಟ್ಟ ಸ್ಪ್ಯಾನರ್‌ಗಳಿಗೆ ಹೊಳಪು ಕಡಿಮೆ, ತೂಕ ಜಾಸ್ತಿ. ಅದೇ ಬೋಲ್ಟಿಗೆ, ತಲೆಯನ್ನು ಸುತ್ತಲೂ ಕಚ್ಚಿ ಹಿಡಿಯುವ ರಿಂಗ್ ಸ್ಪ್ಯಾನರ್ ಹಾಕಿದಳು. ಒಂದೇ ಪಟ್ಟಿಗೆ 'ಟಕ್' ಎಂದು ಬಿಟ್ಟುಕೊಂಡಿತು. ಆ ಸದ್ದಿಗೆ ಯಮುನಾಳ ಮುನಿಸೆಲ್ಲ ಇಳಿದುಹೋಯಿತು. ಬೇಕಾದ್ದನ್ನು ಮಾತ್ರ ಒಂದೊಂದಾಗಿ ಆರಿಸಿದಳು. ಹಿಡಿ ದಪ್ಪಗಿರುವ ಸ್ಕ್ರೂಡ್ರೈವರುಗಳನ್ನು ನಾಲ್ಕಾರು ಸಲ ತಿರುಗಿಸಿ ನೋಡಿ, ತನ್ನ ಅಂಗೈಗೆ ಕೂರುವುದನ್ನೇ ಎತ್ತಿಕೊಂಡಳು. ಆಮೇಲೆ ಚಿಕ್ಕಮುನಿಯಮ್ಮನ ಸರದಿ. ಹೆಸರೂ ಗೊತ್ತಿಲ್ಲದ ಸಾಮಾನುಗಳಿಗೆ ಅವರು ಮಾಡಿದ ಚೌಕಾಸಿ ಕೇಳಲು ಪಕ್ಕದ ಅಂಗಡಿಯವರೂ ಇಣುಕಿದರು. ಕೊನೆಗೆ ಶ್ರೀಧರ್ ಬೆಲೆಯನ್ನೂ ಇಳಿಸಿ, ಸಾಮಾನು ಸುತ್ತಿಡಲು ದಪ್ಪ ಕ್ಯಾನ್ವಾಸ್ ಚೀಲವನ್ನೂ ಕೊಟ್ಟು ಕೈಮುಗಿದರು.

ಒಂದು ಮಾತ್ರ ಉಳಿಯಿತು. ರ‍್ಯಾಚೆಟ್. ಬೋಲ್ಟಿನಿಂದ ಎತ್ತದೆಯೇ ಕಟಕಟ ಎಂದು ಹಿಂದೆ ಮುಂದೆ ಆಡಿಸಿ ಬಿಚ್ಚುವ ಹಿಡಿ. ಕೈ ಹೋಗದ ಜಾಗಕ್ಕೆ ಅದಿಲ್ಲದೆ ಆಗುವುದಿಲ್ಲ. ಒಳ್ಳೆಯದರ ಬೆಲೆ ಕೇಳಿ ಯಮುನಾ ಮೆಲ್ಲಗೆ ಕೆಳಗಿಟ್ಟಳು.

ಮಾರನೇ ದಿನ ಇಬ್ಬರೂ ಸಂಡೇ ಬಜಾರಿಗೆ ಹೋದರು. ಫುಟ್‌ಪಾತಿನ ಮೇಲೆ ಹಳೇ ಫ್ಯಾನು, ಬೀಗ, ಚಪ್ಪಲಿ, ರೇಡಿಯೋಗಳ ನಡುವೆ ಅಪ್ಪಯ್ಯ ಎಂಬ ಮುದುಕರು ಗೋಣಿತಾಟು ಹಾಸಿ ಕಬ್ಬಿಣದ ಸಾಮಾನು ಹರಡಿಕೊಂಡಿದ್ದರು. ಅದರಲ್ಲಿತ್ತು ಒಂದು ರ‍್ಯಾಚೆಟ್, ಜೊತೆಗೆ ಅದರ ತುದಿಗೆ ಸಿಕ್ಕಿಸುವ ಒಂದಷ್ಟು ಸಾಕೆಟ್. ಹಿಡಿಯ ಮೇಲಿನ ಅಕ್ಷರ ಸವೆದುಹೋಗಿದ್ದರೂ ಉಕ್ಕು ಗಟ್ಟಿಯಾಗಿತ್ತು.

"ಅದು ತಿರುಗಲ್ಲಮ್ಮಾ, ಬಿಗ್ದುಕೊಂಡದೆ. ಸುಳ್ಳು ಯಾಕೆ ಹೇಳ್ಲಿ?" ಎಂದರು ಅಪ್ಪಯ್ಯ.

ಯಮುನಾ ಅದರ ತಲೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಮುರಿದ ಚೂರಿನ ಸದ್ದಿಲ್ಲ. ಬರೀ ಜಿಡ್ಡು ಕಟ್ಟಿರಬೇಕು. "ತಗೋತೀನಿ," ಎಂದಳು. ಚೌಕಾಸಿಗೆ ಅತ್ತೆಯ ಕಡೆ ನೋಡಿದರೆ, ಚಿಕ್ಕಮುನಿಯಮ್ಮ ಅಪ್ಪಯ್ಯ ಹೇಳಿದಷ್ಟನ್ನೂ ಎಣಿಸಿ ಕೊಡುತ್ತಿದ್ದರು. "ಬಿಸಿಲಲ್ಲಿ ಕೂತು ನಿಜ ಹೇಳ್ತಾವ್ರೆ, ಅವರತ್ರ ಏನ್ ಕಮ್ಮಿ ಕೇಳೋದು," ಎಂದರು ಆಮೇಲೆ ದಾರಿಯಲ್ಲಿ.

ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಹೊಸ ಸ್ಕ್ರೂಡ್ರೈವರಿನಿಂದ ರ‍್ಯಾಚೆಟ್ಟಿನ ಮುಚ್ಚಳ ಬಿಚ್ಚಿದಳು. ಮುಚ್ಚಳ ಎತ್ತಿದ್ದೇ ತಡ, ಒಳಗಿದ್ದ ಚಿಕ್ಕ ಸ್ಪ್ರಿಂಗ್ ಚಂಗನೆ ಹಾರಿಹೋಯಿತು. ಎಲ್ಲಿ ಬಿತ್ತೆಂದು ಯಾರಿಗೂ ಕಾಣಲಿಲ್ಲ. ನಂದೀಶ್ ಮಂಚದ ಕೆಳಗೆ ತೂರಿದ. ಯಮುನಾ ಪೊರಕೆ ಹಿಡಿದು ಮೂಲೆಮೂಲೆ ಗುಡಿಸಿದಳು. ಅದಿಲ್ಲದಿದ್ದರೆ ಇಡೀ ಸಾಮಾನು ಗುಜರಿಗೇ. ಅವಳಿಗೆ ಅಳು ಬರುವಂತಾಯಿತು. ಕೊನೆಗೆ ಚಿಕ್ಕಮುನಿಯಮ್ಮ ಕಾಫಿ ಮಾಡಲೆಂದು ಎದ್ದು ನಿಂತಾಗ ಅವರ ಸೀರೆಯ ನೆರಿಗೆಯಿಂದ ಸ್ಪ್ರಿಂಗ್ ಟಣ್ಣನೆ ಕಾಲ ಬಳಿ ಬಿತ್ತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಾಗ ಗಟ್ಟಿಯಾಗಿದ್ದ ಗ್ರೀಸ್ ಕಪ್ಪಗೆ ಕರಗಿ ಇಳಿಯಿತು. ಒಂದೊಂದೇ ಭಾಗ ಒರೆಸಿ, ಹೊಸ ಗ್ರೀಸ್ ಹಚ್ಚಿ, ಜೋಡಿಸಿ, ಉಸಿರು ಬಿಗಿಹಿಡಿದು ತಿರುಗಿಸಿದಳು. ಕಟಕಟಕಟ. ಇನ್ನೊಂದು ಕಡೆಗೂ ಕಟಕಟಕಟ. ಚಿಕ್ಕಮುನಿಯಮ್ಮ ತಾವೂ ಇಸಿದುಕೊಂಡು ಮಗುವಿನ ಗಿಲಕಿಯಂತೆ ತಿರುಗಿಸಿ ನೋಡಿದರು.

ಮುಂದಿನ ಭಾನುವಾರ ಬಸವನಗುಡಿಯ ಮಹಾನಂದ ಅವರ ಮನೆಯಿಂದ ಕರೆ ಬಂತು. ಅವರು ಶಾಲೆಯ ಟೀಚರ್. ಸ್ಕೂಟರ್ ಬೆಳಿಗ್ಗೆ ಎಷ್ಟು ಒತ್ತಿದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಗೇಟಿನ ಬಳಿ ಹೊಂಗೆಮರದ ನೆರಳಿನಲ್ಲಿ ಯಮುನಾ ಸಾಮಾನು ಹರಡಿದಳು. ಗ್ಯಾರೇಜಿನಲ್ಲಾದರೆ ತಪ್ಪಿದರೆ ನೋಡಲು ಮರಿಯಣ್ಣ ಇದ್ದರು. ಇಲ್ಲಿ ಎಲ್ಲ ಅವಳದೇ. ಏರ್ ಫಿಲ್ಟರ್ ಬಿಚ್ಚಿದರೆ ಧೂಳಿನಿಂದ ಕಟ್ಟಿಹೋಗಿತ್ತು, ಕೊಡವಿ ಒರೆಸಿದಳು. ಪ್ಲಗ್ ಒಳಗೆಲ್ಲೋ ಅಡಗಿ ಕೂತಿದ್ದು, ರ‍್ಯಾಚೆಟ್ಟಿಗೆ ಸಿಕ್ಕಿತು. ಮಸಿ ಹಿಡಿದು ಕಪ್ಪಾಗಿತ್ತು. ಯಮುನಾ ಜೊತೆಗೆ ತಂದಿದ್ದ ಹೊಸ ಪ್ಲಗ್ ತೆಗೆದಳು.

ಸ್ಟೂಲ್ ತಂದು ಪಕ್ಕದಲ್ಲೇ ಕೂತಿದ್ದ ಮಹಾನಂದ ಸಂಕೋಚದಿಂದಲೇ ಕೇಳಿದರು: "ಅದನ್ನ ನಾನು ತಿರುಗಿಸಿ ನೋಡ್ಲಾ?"

"ಬನ್ನಿ ಮೇಡಂ. ಮೊದಲು ಕೈಯಲ್ಲೇ ತಿರುಗ್ಸಿ, ಥ್ರೆಡ್ ಸರಿಯಾಗಿ ಕೂರ್ಲಿ. ಆಮೇಲೆ ಇದನ್ನ ಹಾಕಿ ಬಿಗಿ ಮಾಡಿ. ಜಾಸ್ತಿ ಬೇಡ."

ಮಹಾನಂದ ಹೊಸ ಪ್ಲಗ್ಗನ್ನು ತಾವೇ ಕೂರಿಸಿದರು. ಬಟನ್ ಒತ್ತಿದ ತಕ್ಷಣ ಗಾಡಿ ಸ್ಟಾರ್ಟ್ ಆಯಿತು. ಅವರು ಖುಷಿಯಿಂದ ಕಿರುಚಿದ್ದಕ್ಕೆ ಎದುರು ಮನೆಯ ಕಿಟಕಿ ತೆರೆಯಿತು. "ಏನಾಯ್ತ್ರೀ?" ಎಂದು ಕೇಳಿದವರು ಐದೇ ನಿಮಿಷದಲ್ಲಿ ತಮ್ಮ ಸ್ಕೂಟರನ್ನೂ ಹೊರಗೆ ತಳ್ಳಿಕೊಂಡು ಬಂದರು.

ಯಮುನಾ ಮನೆಗೆ ಬಂದಾಗ ಸಂಜೆಯಾಗಿತ್ತು. ಬಚ್ಚಲಲ್ಲಿ ಸೋಪು ಹಚ್ಚಿ ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಮಸಿ ಪೂರ್ತಿ ಹೋಗಲಿಲ್ಲ. ಹಾಗೇ ಬಂದು ತಟ್ಟೆಯ ಮುಂದೆ ಕೂತಳು. ಅತ್ತೆ ಬಿಸಿ ಮುದ್ದೆ ಹಾಕಿ, ಬಸ್ಸಾರು ಬಿಟ್ಟು, "ಬರೋ ಭಾನುವಾರಕ್ಕೂ ಯಾರಾದ್ರೂ ಕರೆದವ್ರಾ?" ಎಂದು ಕೇಳಿದರು.

"ಎದುರುಮನೆಯವರ ತಂಗಿ ಅತ್ತೆ, ವಿ.ವಿ. ಪುರದಲ್ಲಿ. ನೀವೂ ಬನ್ನಿ. ಕೆಲಸ ಮುಗಿಸಿ ಅಲ್ಲೇ ತಿಂಡಿ ಬೀದೀಲಿ ಬಿಸಿ ಹೋಳಿಗೆ ತಿನ್ಕೊಂಡು ಬರೋಣ."

"ತುಪ್ಪ ಹಾಕಿಸ್ತೀಯಾ ಹೇಳು, ಬತ್ತೀನಿ," ಎಂದು ಚಿಕ್ಕಮುನಿಯಮ್ಮ ತಮಗೂ ಒಂದು ತಟ್ಟೆ ಎಳೆದುಕೊಂಡರು.