ಸೂರತ್ತಿನ ಬೆನ್ ಕೇಳಿದ್ದು

ಖಾಸಗಿ ಹೆಣ್ಣುಮಕ್ಕಳ ಶಾಲೆಗಳ ಮುಖ್ಯೋಪಾಧ್ಯಾಯಿನಿಯರದೊಂದು ಸಂಘವಿತ್ತು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರು ಸೇರಿ ನಾವು ಹದಿನಾಲ್ಕು ಜನ. ಅರವತ್ತರ ದಶಕದ ನಡುವಿನ ಮಾತು. ಗಂಡನ ರೈಲ್ವೆ ನೌಕರಿಯ ಬೆನ್ನಿಗೆ ಧಾರವಾಡದಿಂದ ಬಂದ ನಾನು ಅಹಮದಾಬಾದಿನ ಮಣಿನಗರದ ಶಾಲೆಯೊಂದರ ಮುಖ್ಯಸ್ಥೆಯಾಗಿದ್ದೆ. ಇಂಗ್ಲಿಷ್ ಅಕ್ಷರ ದುಂಡಗಿದೆಯೆಂದು ಸಭೆಯ ನಡಾವಳಿ ಬರೆಯುವ ಕೆಲಸ ನನಗೇ ಬಿದ್ದಿತ್ತು.

ಸೂರತ್ತಿನಿಂದ ಬರುತ್ತಿದ್ದ ಒಬ್ಬರು ನಮ್ಮೆಲ್ಲರಿಗಿಂತ ಹಿರಿಯರು. ಗುಜರಾತಿನ ವಾಡಿಕೆಯಂತೆ ಎಲ್ಲರೂ ಅವರನ್ನು ಬೆನ್, ಎಂದರೆ ಅಕ್ಕ, ಎನ್ನುತ್ತಿದ್ದರು. ನನ್ನ ತಡವರಿಸುವ ಗುಜರಾತಿಗೆ ಉಳಿದವರು ನಗುತ್ತಿದ್ದಾಗ, ಅವರು ಮಾತ್ರ ನನ್ನ ವಾಕ್ಯ ಮುಗಿಯುವವರೆಗೂ ಕಾಯುತ್ತಿದ್ದರು.

ಒಂದು ಚಳಿಗಾಲ ವಡೋದರಾದಲ್ಲಿ ಸಭೆ. ಚಹಾ ಬರುವ ಮೊದಲೇ ಅವರು ಎದ್ದು ನಿಂತರು. ಅವರ ಶಾಲೆಯಲ್ಲಿ, ಆಗ ಶಾಲೆಯ ಕೊನೆಯ ವರ್ಷವಾಗಿದ್ದ ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳಿಗೆ ಮದುವೆಯಾಗಿತ್ತು. ಮದುವೆಯಾದವಳು ಉಳಿದವರ ಜೊತೆ ಕೂರಕೂಡದೆಂದು ಟ್ರಸ್ಟಿಗಳ ಅಪ್ಪಣೆ. ಇವರು ಅವಳನ್ನು ಕೂರಿಸಿ, ಬೋರ್ಡ್ ಪರೀಕ್ಷೆಯ ಫಾರಂ ಕೂಡ ಕಳಿಸಿದ್ದರು. ಈಗ ಟ್ರಸ್ಟಿಗಳು ಇವರ ರಾಜೀನಾಮೆ ಕೇಳುತ್ತಿದ್ದರು.

"ಸಂಘದಿಂದ ಒಂದು ಕಾಗದ ಬರೆಯಿರಿ," ಎಂದರು. "ನನ್ನದು ಹೇಗೋ ಆಗುತ್ತದೆ. ಹುಡುಗಿ ಪರೀಕ್ಷೆ ಬರೆಯಲಿ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದರು. "ನಮಗೂ ಟ್ರಸ್ಟಿಗಳಿದ್ದಾರಲ್ಲ, ಬೆನ್. ಕಾಗದ ಬರೆಯೋಣ ಅನ್ನುವವರು ಕೈ ಎತ್ತಿ."

ಇಬ್ಬರು ಎತ್ತಿದರು. ನಾನು ತಲೆ ತಗ್ಗಿಸಿ ಬರೆಯುತ್ತಲೇ ಇದ್ದೆ. ಬರೆಯುವುದಕ್ಕೆ ಏನೂ ಇರಲಿಲ್ಲ. ತಾರೀಖನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ನೀ ಏನಂದಿ?"

"ಏನೂ ಅನಲಿಲ್ರೀ. ಬರಕೋತ ಕೂತಿದ್ದೆ."

"ಚಲೋ ಆತು ಬಿಡು. ಪರ ಊರಾಗ ನಮಗ್ಯಾಕ ಬೇಕು."

ಸಮಾಧಾನಕ್ಕೆಂದು ಆಡಿದ ಮಾತು. ನಾನು ನನ್ನ ತಟ್ಟೆ ಎತ್ತಿಟ್ಟೆ.

ಟ್ರಸ್ಟಿಗಳು ಫಾರಂ ಹಿಂದಕ್ಕೆ ತರಿಸಿದರು. ಹುಡುಗಿಯ ಪರೀಕ್ಷೆ ತಪ್ಪಿತು, ಬೆನ್ ಕೆಲಸ ಕಳೆದುಕೊಂಡರು. ಏಪ್ರಿಲ್‌ನಲ್ಲಿ ಸೂರತ್ತಿಗೆ ಹೋಗಿ ಅವರನ್ನು ಕಂಡೆ. ಶಾಲೆಯವರು ಕೊಟ್ಟಿದ್ದ ಎರಡು ಕೋಣೆ ಖಾಲಿ ಮಾಡುತ್ತಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ಕೈ ಅಡ್ಡ ಮಾಡಿ ತಡೆದರು.

"ಅದಿರಲಿ. ಹುಡುಗಿಯ ಅತ್ತೆಮನೆ ನಿಮ್ಮ ಮಣಿನಗರದಲ್ಲೇ. ಓದಿಸಲು ಗಂಡ ಒಪ್ಪಿದ್ದಾನೆ. ಜೂನ್‌ನಲ್ಲಿ ನಿಮ್ಮ ಶಾಲೆಗೆ ಸೇರಿಸಿಕೊಳ್ಳುತ್ತೀರಾ?"

"ಸೇರಿಸಿಕೊಳ್ಳುತ್ತೇನೆ," ಎಂದೆ. ಆ ಗಳಿಗೆಯಲ್ಲಿ ಮನಸ್ಸಿನಿಂದಲೇ ಹೇಳಿದ್ದೆ.

ನಮ್ಮ ಟ್ರಸ್ಟಿನ ಕಾರ್ಯದರ್ಶಿ ನನ್ನ ಮಾತನ್ನೆಲ್ಲ ಕೇಳಿ, "ಸೂರತ್ತಿನ ಬೆನ್ ಈಗ ಎಲ್ಲಿದ್ದಾರೆ?" ಎಂದಷ್ಟೇ ವಿಚಾರಿಸಿದರು. ಇನ್ನೊಮ್ಮೆ ಕೇಳುವ ಧೈರ್ಯ ನನಗಾಗಲಿಲ್ಲ.

ಶಾಲೆ ಶುರುವಾದ ವಾರ ಹುಡುಗಿ ಒಬ್ಬಳೇ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿ. ಗಣಿತದಲ್ಲಿ ನಮ್ಮ ಶಾಲೆಯ ಯಾರಿಗೂ ಬಾರದಷ್ಟು ಅಂಕ.

"ಜಾಗವಿಲ್ಲ," ಎಂದೆ.

ತೆರೆದ ಬಾಗಿಲಿಂದ ಎದುರಿನ ತರಗತಿ ಕಾಣುತ್ತಿತ್ತು. ಕೊನೆಯ ಎರಡು ಬೆಂಚು ಖಾಲಿ. ಅವಳು ಅತ್ತ ನೋಡಿದಳು, ನನ್ನನ್ನು ನೋಡಿದಳು.

"ನೀವು ಒಪ್ಪಿದ್ದೀರಿ ಅಂತ ಬೆನ್ ಹೇಳಿದ್ದರು."

ನಾನು ಹಾಜರಿ ಪುಸ್ತಕ ತೆರೆದೆ. ಅವಳು ಅಂಕಪಟ್ಟಿಯನ್ನು ಮಡಿಸಿಕೊಂಡು ಹೊರಟಳು. ಕರೆಯಬಹುದಿತ್ತು, ಅಂಗಳ ದಾಟಲು ಅವಳಿಗೆ ಸಾಕಷ್ಟು ಹೊತ್ತೇ ಹಿಡಿಯಿತು.

ಆಮೇಲೆ ಸ್ಟೇಷನ್ ಹತ್ತಿರ ತರಕಾರಿ ಕೊಳ್ಳುವಾಗ ಒಂದೆರಡು ಸಲ ಕಂಡಳು. ಮೊದಲ ಸಲ ಕೈ ಮುಗಿದಳು. ಮರುವರ್ಷ ಕಂಕುಳಲ್ಲಿ ಕೂಸಿತ್ತು. ನನ್ನನ್ನು ಕಂಡು ಬೇರೆ ಅಂಗಡಿಗೆ ಹೋದಳು.